ಕರೆಂಟು ಎಲ್ಲಿಂದ ಬರುತ್ತದೆ?



ಕಾಮಾಕ್ಷಿಪಾಳ್ಯದಲ್ಲಿ ಲೇತ್ ಮಶಿನ್ ತಿರುಗಬೇಕಾದರೆ ಕರೆಂಟು ಬೇಕು. ವಿಜಯನಗರದ ಮನೆಯಲ್ಲಿ ಮಿಕ್ಸಿ ತಿರುಗೋಕೂ ಬೇಕು. ಕರೆಂಟು ಹೋದರೆ ನಾವು ಬೆಸ್ಕಾಂನವರನ್ನು ಬೈತೀವಿ. ಆದರೆ ಬೆಸ್ಕಾಂ ಕರೆಂಟು ಕೊಂಡು ತಂದು ನಮಗೆ ಮಾರುತ್ತದೆ, ಅಷ್ಟೇ. ತಯಾರಿಸುವವರಲ್ಲಿ ದೊಡ್ಡದು ಕರ್ನಾಟಕ ವಿದ್ಯುತ್ ನಿಗಮ. ಇದು 1970ರಲ್ಲಿ ಶುರುವಾಯಿತು.

ಮೊದಲು ನಮಗೆ ನೀರೇ ಗತಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದರು. ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಆಮೇಲೆ ಶರಾವತಿ ಬಂತು. ಮಳೆ ಕೈಕೊಟ್ಟರೆ ಮಾತ್ರ ಕತ್ತಲೆ. ಹಾಗಾಗಿ 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಡೋಕೆ ಶುರು ಮಾಡಿದರು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಸಿಂಗರೇಣಿಯಂಥ ದೂರದ ಗಣಿಗಳಿಂದ ರೈಲಿನಲ್ಲಿ ಬರಬೇಕು.

ಕಲ್ಲಿದ್ದಲ ಹೊಗೆ ಭೂಮಿಗೆ ಕಂಬಳಿ ಹೊದಿಸಿದ ಹಾಗೆ. ಶಾಖ ಹೊರಗೆ ಹೋಗೋದಿಲ್ಲ. ಮಳೆಯ ಲೆಕ್ಕ ತಪ್ಪುತ್ತದೆ. 2070ರ ಹೊತ್ತಿಗೆ ಈ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುತ್ತೇವೆ ಅಂತ ಭಾರತ 2021ರಲ್ಲಿ ಹೇಳಿದೆ.

ಹೇಳೋದು ಸುಲಭ. ನಿಗಮದ ಕಷ್ಟ ನೋಡಿ. ಕಲ್ಲಿದ್ದಲು ಸ್ಥಾವರ ಕಟ್ಟೋಕೆ ಸಾವಿರಾರು ಕೋಟಿ ರೂಪಾಯಿ ಬೇಕು. ಸಾಲ ತೀರಬೇಕಾದರೆ ಅದು ಎಷ್ಟೋ ವರ್ಷ ಓಡಬೇಕು. ಸಾಲ ಮಾಡಿ ಲಾರಿ ತಂದವನಿಗೆ ನಾಳೆಯಿಂದ ಓಡಿಸಬೇಡ ಅಂದರೆ ಹೇಗೆ? ಇದೂ ಹಾಗೇ. ನಿಲ್ಲಿಸದೇ ಇದ್ದರೂ ಕಷ್ಟ. ಬಿಸಿಲಿನ ಕರೆಂಟು ಅಗ್ಗವಾಗಿದೆ. ದುಬಾರಿ ಕರೆಂಟು ಯಾರು ಕೊಳ್ಳುತ್ತಾರೆ? ಇನ್ನು ಸ್ಥಾವರದ ಕೂಲಿಯವರು ಎಲ್ಲಿಗೆ ಹೋಗಬೇಕು?

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಹಲಗೆ ನಿಲ್ಲಿಸಿದ್ದಾರೆ. ರೈತರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಇದು ಒಳ್ಳೇ ದಾರಿ ಅಂತ ನಮಗೆ ಅನಿಸುತ್ತದೆ. ಆದರೆ ಜಮೀನಿಲ್ಲದ ಕೂಲಿಯವರಿಗೆ ಗುತ್ತಿಗೆ ಹಣವೂ ಇಲ್ಲ, ಹೊಲದ ಕೆಲಸವೂ ಹೋಯಿತು. ಅವರನ್ನು ಕೇಳಿದವರು ಕಡಿಮೆ.

ಸೂರ್ಯ ಸಂಜೆಗೆ ಮುಳುಗುತ್ತಾನೆ. ನಾವು ದೀಪ ಹಾಕೋದು ಆಗಲೇ! ಅದಕ್ಕೇ ನಿಗಮ, ಬೆಸ್ಕಾಂ ಒಂದನ್ನೇ ನಂಬಿ ಕೂತಿಲ್ಲ. ರೈತ ರಾಗಿ ಹೊಲದಲ್ಲಿ ಅವರೆ, ಜೋಳದ ಅಕ್ಕಡಿ ಸಾಲು ಹಾಕ್ತಾನಲ್ಲ, ಹಾಗೆ. ಹಗಲು ಬಿಸಿಲು, ಮುಂಗಾರಿನಲ್ಲಿ ಗಾಳಿ, ಸಂಜೆಗೆ ಶರಾವತಿ ನೀರು, ಸಾಲದೇ ಬಂದಾಗ ಕಲ್ಲಿದ್ದಲು.

2023ರಲ್ಲಿ ಬರ ಬಂತು. ಅಣೆಕಟ್ಟೆಯಲ್ಲಿ ನೀರು ಇಳಿಯಿತು. ಹೊಲದ ಪಂಪ್‌ಸೆಟ್ಟುಗಳು ಜಾಸ್ತಿ ಓಡಿದವು. ಆಗ ಉತ್ತರ ಪ್ರದೇಶ, ಪಂಜಾಬುಗಳಿಂದ ಕರೆಂಟು ಕೈಬದಲು ತಂದರು. ಈಗ ಕೊಡಿ, ಮಳೆಗಾಲದಲ್ಲಿ ವಾಪಸು ಕೊಡ್ತೀವಿ ಅಂತ. ಪಕ್ಕದ ಮನೆಯಿಂದ ಪಾವು ಅಕ್ಕಿ ತಂದ ಹಾಗೆ.

ಇದಕ್ಕೆಲ್ಲ ಖರ್ಚಿದೆ. ಅದು ಕೊನೆಗೆ ಬಿಲ್ಲಿಗೇ ಬರುತ್ತದೆ. ಆದರೆ ಬೆಸ್ಕಾಂ ತನ್ನಷ್ಟಕ್ಕೆ ದರ ಏರಿಸುವ ಹಾಗಿಲ್ಲ. ವಿದ್ಯುತ್ ನಿಯಂತ್ರಣ ಆಯೋಗವನ್ನು ಕೇಳಬೇಕು. ಆಯೋಗ ಜನರ ಅಹವಾಲು ಕೇಳುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆದು ಕೊಡಬಹುದು. ನಿಮಗೂ ಈಗ ಬರೆಯೋಕೆ ಬರುತ್ತದೆ. ನಾಳೆ ತರಗತಿಗೆ ಬರುವಾಗ ಮನೆಯ ಕರೆಂಟು ಬಿಲ್ಲು ತನ್ನಿ. ಮೊದಲು ಅದನ್ನು ಓದೋಣ.