ಹತ್ತು ಬ್ಲೈಂಡ್ ಉಳಿದಾಗ ‘ಕಾಂಬ’ ಅಂದರೆ ಎಷ್ಟು ಖರ್ಚು?

ಬೀಜಾಡಿಯಿಂದ ಮಾತಾಡ್ತಾ ಇದ್ದೇನೆ. ಹಿಂದೆ ಸಮುದ್ರದ ಸದ್ದು ಬಂದರೆ ಅದು ಎಫೆಕ್ಟ್ ಅಲ್ಲ, ಕಿಟಕಿ ಹಾಕಿದರೂ ಕೇಳುತ್ತೆ.

ಪೋಕರ್ ಬಗ್ಗೆ ಮಾತಾಡಿ ಅಂತ ಕೇಳಿದವರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: ಟೂರ್ನಮೆಂಟ್‌ನಲ್ಲಿ ಚಿಪ್ಸ್ ಕಮ್ಮಿ ಆದಾಗ ಎಂಥ ಮಾಡೂದು? ಅದಕ್ಕೆ ಮೊದಲು ಕಾನೂನಿನ ಮಾತು ಮುಗಿಸಿಬಿಡ್ತೇನೆ. ನಮ್ಮ ಕರಾವಳಿಯ ಪೇಪರಿನಲ್ಲಿ ಇಸ್ಪೀಟು ಅಂದರೆ ‘ಉಲಾಯಿ-ಪಿದಾಯಿ ಜುಗಾರಿ, ಇಷ್ಟು ಮಂದಿ ವಶಕ್ಕೆ’ ಅನ್ನುವ ಸುದ್ದಿ. ಅದು ಎಲೆ ಒಳಗೆ ಬಿತ್ತಾ ಹೊರಗೆ ಬಿತ್ತಾ ಅನ್ನುವ ಆಟ, ಅಲ್ಲಿ ನಿಮ್ಮ ತಲೆಗೆ ಕೆಲಸ ಇಲ್ಲ. ಪೋಕರ್ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2013ರಲ್ಲೇ, ಕೌಶಲದ ಆಟವಾಗಿ ಆಡುವುದಾದರೆ ಕ್ಲಬ್‌ಗಳಿಗೆ ಪೊಲೀಸ್ ಲೈಸೆನ್ಸ್ ಬೇಡ ಅಂದಿತ್ತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇದೆಯಲ್ಲ, ಅದಕ್ಕೆ ಕೌಶಲವೋ ಅದೃಷ್ಟವೋ ಬೇಕಿಲ್ಲ. ದುಡ್ಡು ಕಟ್ಟುವ ಆನ್‌ಲೈನ್ ಆಟ ನಡೆಸೋ ಹಾಗೇ ಇಲ್ಲ. ಹಾಗಾಗಿ ನಾನೀಗ ಹೇಳುವುದು ಗೋವಾದ ಕ್ಯಾಸಿನೋ ಟೇಬಲ್‌ನಂಥ ಲೈವ್ ಆಟಕ್ಕೆ, ಇಲ್ಲವೇ ದುಡ್ಡಿಲ್ಲದೆ ಆಡುವವರಿಗೆ. ಟೆಲಿಗ್ರಾಂನಲ್ಲಿ ‘ನಮ್ಮದು ವಿದೇಶಿ ಸೈಟು, ತೊಂದರೆ ಇಲ್ಲ’ ಅಂತ ಲಿಂಕ್ ಬಂದರೆ ಮುಟ್ಟಬೇಡಿ. ಅಲ್ಲಿ ದುಡ್ಡು ಸಿಕ್ಕಿಕೊಂಡರೆ ಹೋಗಿ ಕೇಳಲು ಒಂದು ಬಾಗಿಲೂ ಇರುವುದಿಲ್ಲ.

ಸರಿ. ಕೌಶಲ ಅಂದರೆ ಎಂಥದ್ದು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಶಾರ್ಟ್ ಸ್ಟ್ಯಾಕ್ ಲೆಕ್ಕವನ್ನೇ.

ಒಂಬತ್ತು ಜನರ ಟೇಬಲ್. ಸ್ಮಾಲ್ ಬ್ಲೈಂಡ್ 500, ಬಿಗ್ ಬ್ಲೈಂಡ್ 1,000, ಜೊತೆಗೆ ಬಿಗ್ ಬ್ಲೈಂಡ್ ಕೂತವನೇ ಎಲ್ಲರ ಪರವಾಗಿ ಹಾಕುವ ಆಂಟೆ 1,000. ಎಲೆ ಹಂಚುವ ಮೊದಲೇ ಮಧ್ಯದಲ್ಲಿ 2,500 ಇದೆ. ನಿಮ್ಮ ಹತ್ತಿರ 10,000. ಒಂದು ಸುತ್ತು ಸುಮ್ಮನೆ ಕೂತರೆ ನಿಮ್ಮ ಕಾಲು ಭಾಗ ಹೋಯ್ತು. ಎರಡು ಸುತ್ತು ಕೂತರೆ 5,000. ಆಮೇಲೆ ಎರಡು ಎಕ್ಕ ಬಂದು, ದುಡ್ಡು ಡಬಲ್ ಆದರೂ ನೀವು ಹೆಚ್ಚುಕಮ್ಮಿ ಹೊರಟ ಜಾಗಕ್ಕೇ ಬಂದು ನಿಂತಿರಿ ಅಷ್ಟೇ. ಅಷ್ಟರಲ್ಲಿ ಬ್ಲೈಂಡ್ ಏರಿದ್ದರೆ ಅದೂ ಇಲ್ಲ.

ನಮ್ಮವರಿಗೆ ಒಂದು ಅಭ್ಯಾಸ: ‘ಇನ್ನೊಂದ್ ಸುತ್ತು ಕಾಂಬ’. ಒಳ್ಳೆ ಎಲೆ ಬರಲಿ ಅಂತ. ಎರಡು ಎಕ್ಕ, ಎರಡು ರಾಜ, ಎರಡು ರಾಣಿ ಅಥವಾ ಎಕ್ಕ-ರಾಜ, ಇಷ್ಟಕ್ಕೇ ಕಾಯ್ತೀರಿ ಅಂದರೆ ಸುಮಾರು 39 ಕೈಗೆ ಒಮ್ಮೆ ಬರುತ್ತೆ. ಒಂದು ಸುತ್ತಿನ ಒಂಬತ್ತು ಕೈಯಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಐದಕ್ಕೆ ಒಂದು. ಐದಕ್ಕೆ ಒಂದರ ಆಸೆಗೆ ಕಾಲು ಭಾಗ ಆಸ್ತಿ ಬಾಡಿಗೆ ಕಟ್ಟುವುದು. ಯಾವ ಅಂಗಡಿ ಲೆಕ್ಕದಲ್ಲೂ ಇದು ಕೂಡಿ ಬರುವುದಿಲ್ಲ.

ಹಾಗಾದರೆ ತಳ್ಳಿದರೆ? ನೀವು ಸ್ಮಾಲ್ ಬ್ಲೈಂಡ್‌ನಲ್ಲಿದ್ದೀರಿ, ಮುಂದಿನವರೆಲ್ಲ ಫೋಲ್ಡ್ ಮಾಡಿದ್ದಾರೆ, ಉಳಿದವನು ಬಿಗ್ ಬ್ಲೈಂಡ್ ಒಬ್ಬನೇ, ಅವನ ಚಿಪ್ಸ್ ನಿಮಗಿಂತ ಜಾಸ್ತಿ. ಹಾಕಿದ 500 ಸೇರಿ ನಿಮ್ಮದು 10,000. ಫೋಲ್ಡ್ ಮಾಡಿದರೆ 9,500 ಉಳಿಯುತ್ತೆ. ಆಲ್ ಇನ್ ಹೋಗಿ ಅವನು ಬಿಟ್ಟರೆ 12,000 ಆಗುತ್ತೆ. ಅವನು ಕಾಲ್ ಮಾಡಿದರೆ ಪಾಟ್ 21,000, ಅದರಲ್ಲಿ ನಿಮ್ಮ ಗೆಲುವಿನ ಪಾಲು ಎಷ್ಟೋ ಅಷ್ಟು. ಅವನು ನೂರಕ್ಕೆ 60 ಸಲ ಬಿಡ್ತಾನೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿ: ಕಾಲ್ ಆದಾಗ ನೀವು ನೂರಕ್ಕೆ 27–28 ಸಲ ಗೆದ್ದರೂ ಫೋಲ್ಡ್ ಮಾಡಿದ್ದಕ್ಕಿಂತ ನಷ್ಟ ಇಲ್ಲ. ಎಕ್ಕ-ರಾಜದ ಎದುರು ಏಳು-ಎರಡು ಅನ್ನುವ ದರಿದ್ರ ಎಲೆ ಕೂಡ ಸುಮಾರು ಮೂರಕ್ಕೊಂದು ಸಲ ಗೆಲ್ಲುತ್ತೆ.

ಈಗ ಅವನ ಕುರ್ಚಿಗೆ ಬನ್ನಿ. ಅವನು ಇನ್ನೂ 9,000 ಹಾಕಬೇಕು, ಪಾಟ್ 21,000 ಆಗುತ್ತೆ. ಅವನಿಗೆ ಬೇಕಾದ್ದು ಸುಮಾರು 43 ಪರ್ಸೆಂಟ್. ತಳ್ಳುವವನಿಗೆ 27, ಕಾಲ್ ಮಾಡುವವನಿಗೆ 43. ಮೊದಲು ತಳ್ಳಿದವನಿಗೆ ಗೆಲ್ಲಲು ಎರಡು ದಾರಿ, ಕಾಲ್ ಮಾಡಿದವನಿಗೆ ಒಂದೇ. ‘ಅವನು ಎಂಥದ್ರಲ್ಲೂ ತಳ್ತಾನೆ ಮಾರಾಯ್ರೆ, ನಾನು ಗುಲಾಮ-ಹತ್ತರಲ್ಲಿ ಕಾಲ್ ಮಾಡಿದರೆ ತಪ್ಪಾ?’ ಅನ್ನುವವರು ಈ ಎರಡು ನಂಬರ್ ಬರೆದಿಟ್ಟುಕೊಳ್ಳಿ.

ಕೂತ ಜಾಗವೂ ಮುಖ್ಯ. ನಿಮ್ಮ ಹಿಂದೆ ಇನ್ನೂ ಎಂಟು ಜನ ಇದ್ದಾರೆ, ಒಬ್ಬೊಬ್ಬನೂ ಹತ್ತು ಪರ್ಸೆಂಟ್ ಎಲೆಯಲ್ಲಿ ಕಾಲ್ ಮಾಡ್ತಾನೆ ಅಂದರೆ ಎಲ್ಲರೂ ಬಿಡುವ ಸಾಧ್ಯತೆ 43 ಪರ್ಸೆಂಟ್ ಮಾತ್ರ. ಬಟನ್‌ನಲ್ಲಿ, ಇಬ್ಬರೇ ಹಿಂದೆ ಇದ್ದಾಗ, 81. ಅದೇ ಎಲೆ ಒಂದು ಕಡೆ ಕಸ, ಇನ್ನೊಂದು ಕಡೆ ಆಲ್ ಇನ್. ಮತ್ತೆ ಮೂರು ಬ್ಲೈಂಡ್‌ಗೆ ಇಳಿದವರ ವಿಷಯ: ಬಟನ್‌ನಿಂದ 3,000 ತಳ್ಳಿದರೆ ಬಿಗ್ ಬ್ಲೈಂಡ್‌ಗೆ 2,000 ಹಾಕಿ 7,500 ಎತ್ತುವ ಅವಕಾಶ. ಅವನಿಗೆ 27 ಪರ್ಸೆಂಟ್ ಸಾಕು, ಎಲೆ ನೋಡದೆಯೂ ಕಾಲ್ ಮಾಡಬಹುದು. ನಿಮ್ಮ ಹೆದರಿಸುವ ಶಕ್ತಿ ಮುಗಿದಿರುತ್ತೆ. ಅದಕ್ಕೇ ಹತ್ತರಲ್ಲಿ ತಳ್ಳಿ ಅನ್ನುವುದು.

ಇಷ್ಟೆಲ್ಲ ಚಿಪ್ಸ್ ಲೆಕ್ಕ. ಬಹುಮಾನ ಹತ್ತಿರ ಬಂದಾಗ ಚಿಪ್ಸೇ ಬೇರೆ, ದುಡ್ಡೇ ಬೇರೆ. ನಾಲ್ಕು ಜನ ಉಳಿದಿದ್ದಾರೆ, ಎಲ್ಲರದ್ದೂ ಸಮ. ಬಹುಮಾನ ಮೂರೇ: 50,000, 30,000, 20,000. ಒಬ್ಬೊಬ್ಬರ ಪಾಲು ಸರಾಸರಿ 25,000 ರೂಪಾಯಿ. ಒಬ್ಬ ತಳ್ಳಿದ, ನೀವು ಕಾಲ್ ಮಾಡಿ ಗೆದ್ದಿರಿ, ಚಿಪ್ಸ್ ಡಬಲ್. ಪಾಲು 50,000 ಆಯ್ತಾ? ಇಲ್ಲ. ಮೇಸನ್ ಮಾಲ್ಮತ್ 1987ರಲ್ಲಿ ಪೋಕರ್‌ಗೆ ತಂದ ಐಸಿಎಂ ಲೆಕ್ಕದಲ್ಲಿ ಅದು 38,333. ಸೋತರೆ ಸೊನ್ನೆ. ಬ್ಲೈಂಡ್ ಬಿಟ್ಟು ನೋಡಿದರೆ ಕಾಲ್ ಮಾಡಲು ನಿಮಗೆ 65 ಪರ್ಸೆಂಟ್ ಬೇಕು. ಕಣ್ಣುಮುಚ್ಚಿ ಯಾವ ಎಲೆಯಲ್ಲೂ ತಳ್ಳುವ ಆಸಾಮಿಯ ಎದುರು ಕೂಡ ಎಕ್ಕ-ರಾಜದ ಗೆಲುವು ಹೆಚ್ಚುಕಮ್ಮಿ 65ರ ಹತ್ತಿರವೇ. ಅಂದರೆ ಅಲ್ಲಿ ಎಕ್ಕ-ರಾಜ ಬಿಟ್ಟರೂ ಹೇಡಿತನ ಅಲ್ಲ. ಬಿಕಾಂನಲ್ಲಿ ಮಾರ್ಜಿನಲ್ ಯುಟಿಲಿಟಿ ಪಾಠ ಕೇಳುವಾಗ ನಿದ್ದೆ ಬರ್ತಿತ್ತು. ಇಲ್ಲಿ ನಿದ್ದೆ ಬರುವುದಿಲ್ಲ.

ಕೊನೆಗೆ ರೀ-ಎಂಟ್ರಿ. ನಾನು ಟೇಬಲ್‌ಗಳಲ್ಲಿ ಹೆಚ್ಚು ನೋಡುವುದು ಇದನ್ನೇ: 10 ಬ್ಲೈಂಡ್ ಇದ್ದಾಗ ಅರ್ಧ ಗಂಟೆ ಕಾಂಬ-ಕಾಂಬ ಅಂದವರು, ಔಟ್ ಆದ ಮೇಲೆ ಅರ್ಧ ನಿಮಿಷದಲ್ಲಿ ಮತ್ತೆ ದುಡ್ಡು ಕಟ್ಟುತ್ತಾರೆ. ಮೊದಲ 5,500 ಎಂಟ್ರಿ ಹೋಗಿಯಾಗಿದೆ. ಕೊನೆಯ ಹತ್ತು ಬ್ಲೈಂಡ್ ತಳ್ಳಿದರೆ ಜೇಬಿನಿಂದ ಹೊಸದಾಗಿ ಒಂದು ರೂಪಾಯಿಯೂ ಹೋಗುವುದಿಲ್ಲ. ರೀ-ಎಂಟ್ರಿಯ 5,500 ಮಾತ್ರ ಜೇಬಿನದ್ದು. ‘ಸಂತೋಷ್ ಸುವರ್ಣ 2024ರಲ್ಲಿ ಲಾಸ್ ವೇಗಸ್‌ನಲ್ಲಿ 54 ಲಕ್ಷ ಡಾಲರ್ ಗೆದ್ರಲ್ಲ’ ಅಂತ ಹೇಳುವವರು, ಆ ಟೂರ್ನಮೆಂಟ್‌ನ ಎಂಟ್ರಿಯೇ ಎರಡೂವರೆ ಲಕ್ಷ ಡಾಲರ್ ಆಗಿತ್ತು ಅನ್ನುವುದನ್ನು ಹೇಳುವುದಿಲ್ಲ. ಇನ್ನೊಂದು ನೋಡಿ: ಶುರುವಿನ ಸ್ಟ್ಯಾಕ್ 15,000 ಅಂತ ಇದ್ದರೆ, 500-1,000 ಹಂತದಲ್ಲಿ ಮತ್ತೆ ಕೂತವನಿಗೆ ಸಿಗುವುದು 15 ಬ್ಲೈಂಡ್. ಎರಡು ಸುತ್ತು ಕಾಂಬ ಅಂದರೆ ಮತ್ತೆ ಹತ್ತು. ಹಾಗಾಗಿ ಕೌಂಟರ್‌ಗೆ ಹೋಗುವ ಮೊದಲು ಬೋರ್ಡ್ ಮೇಲಿನ ಬ್ಲೈಂಡ್ ನೋಡಿ, ಭಾಗಿಸಿ, ಆಮೇಲೆ ಪರ್ಸ್ ತೆಗೆಯಿರಿ.

ನಿಮ್ಮದೇ ಕೈ ಇದ್ದರೆ ಬ್ಲೈಂಡ್, ಸ್ಟ್ಯಾಕ್, ಕೂತ ಜಾಗ ಮೂರನ್ನೂ ಬರೆದು ಕಳಿಸಿ. ಬರೀ ‘ಎಕ್ಕ-ಒಂಬತ್ತು ಇತ್ತು, ಎಂಥ ಮಾಡೂದಿತ್ತು’ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.