ಚಳಿ ಇಲ್ಲದ ಊರಿನಲ್ಲಿ



ನಾವು ಬಯಲುಸೀಮೆಯವರು. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು. ದುಡಿಯಲು ಕರಾವಳಿಗೆ ಬಂದೆವು. ಕೆಲವರು ಮಲ್ಪೆ ಬಂದರಿನಲ್ಲಿ ಮೀನು ಆರಿಸುತ್ತೇವೆ. ಕೆಲವರು ಕಟ್ಟಡದ ಕೆಲಸಕ್ಕೆ ಹೋಗುತ್ತೇವೆ. ಕಡಲಿನ ಹತ್ತಿರವೇ ನಮ್ಮ ಬಾಡಿಗೆ ಮನೆಗಳು. ಇಲ್ಲಿಯ ಗಾಳಿ-ಮಳೆಯ ಬಗ್ಗೆ ಎರಡು ಮಾತು ಹೇಳಿ ಅಂದರು. ಅದಕ್ಕೇ ನಿಂತಿದ್ದೇವೆ.

ಮೊದಲು ಚಳಿಯ ಮಾತು. ನಗಬೇಡಿ! ಚಳಿ ಬೇಕು ಅಂತ ಯಾರಾದರೂ ಅಳುತ್ತಾರಾ? ನಾವು ಅತ್ತಿದ್ದೇವೆ. ನಮ್ಮೂರಲ್ಲಿ ಎಳ್ಳಮಾವಾಸ್ಯೆ ಬಂತೆಂದರೆ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಿದ್ದೆವು. ಚರಗ ಚೆಲ್ಲುತ್ತಿದ್ದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ. ಮುಂದೆ ಜೋಳದ ತೆನೆ ಹಾಲು ತುಂಬಿದಾಗ ಸುಟ್ಟು ಸೀತನಿ ತಿನ್ನುವುದು. ಬೆಳಗ್ಗೆ ಬೆಂಕಿ ಕಾಯಿಸುವುದು. ರಾತ್ರಿ ಒಂದೇ ಕೌದಿಯೊಳಗೆ ಮೂರು ಮಕ್ಕಳು. ಹಳೆ ಸೀರೆ ಸೇರಿಸಿ ಅವ್ವಂದಿರು ಹೊಲಿದ ಕೌದಿಗಳವು. ಇಲ್ಲಿಗೆ ಬರುವಾಗ ಹೊತ್ತು ತಂದೆವು. ಟ್ರಂಕಿನಲ್ಲೇ ಉಳಿದವು.

ಇಲ್ಲಿ ಜನವರಿಯಲ್ಲೂ ಫ್ಯಾನು ಬೇಕು. ವಿಜಯಪುರದಲ್ಲಿ ಆ ತಿಂಗಳ ನಸುಕಿಗೆ ಸುಮಾರು 15 ಡಿಗ್ರಿ ಇರುತ್ತದೆ. ಇಲ್ಲಿ ಸುಮಾರು 20 ಡಿಗ್ರಿ. ಹಗಲಿಗೆ ಬೆವರೇ ಬೆವರು. ಯಾಕೆ ಹೀಗೆ?

ಒಲೆ ಆರಿಸಿ ನೋಡಿ. ರೊಟ್ಟಿ ಹಂಚು ಬೇಗ ತಣ್ಣಗಾಗುತ್ತದೆ. ಹಂಡೆಯ ನೀರು ಬಹಳ ಹೊತ್ತು ಬಿಸಿ ಇರುತ್ತದೆ. ನಮ್ಮೂರ ನೆಲ ಹಂಚಿನ ಹಾಗೆ. ಕಡಲು ಹಂಡೆಯ ಹಾಗೆ. ಅದು ತನ್ನ ಬಿಸಿಯನ್ನು ನಿಧಾನವಾಗಿ ಬಿಡುತ್ತದೆ. ದಡದವರಿಗೆ ಚಳಿ ಸಿಗುವುದಿಲ್ಲ.

ಆ ಬಿಸಿಯೇ ಬಿರುಗಾಳಿಗೆ ಊಟ. ಕಡಲಿನ ಮೇಲಿನ ನೀರು ಸುಮಾರು 27 ಡಿಗ್ರಿ ದಾಟಿದರೆ ಆವಿ ಜೋರಾಗಿ ಏಳುತ್ತದೆ. ಕೆಲವು ಸಲ ಸುತ್ತಲ ಗಾಳಿ ತಿರುಗತೊಡಗುತ್ತದೆ. ಅದೇ ಚಂಡಮಾರುತ. ಇಲ್ಲಿಯವರು ತೂಫಾನು ಅನ್ನುತ್ತಾರೆ. ಮಳೆಗಾಲಕ್ಕೆ ಮುಂಚೆ ಮೇ, ಜೂನಿನಲ್ಲಿ ಬರುತ್ತದೆ. ಮಳೆ ಮುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಬರುತ್ತದೆ. ಅಂದರೆ ನಾವು ಚಳಿಗೆ ಕಾಯುವ ಹೊತ್ತಿಗೇ! 2017ರ ನವೆಂಬರ್ ಕೊನೆಯಲ್ಲಿ ಓಖಿ ಬಂತು. ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಮನೆಗೆ ಮರಳಲಿಲ್ಲ. ಅರಬ್ಬಿ ಸಮುದ್ರ ಮೊದಲಿಗಿಂತ ಹೆಚ್ಚು ಬಿಸಿಯಾಗಿದೆ. ಜೋರಿನ ತೂಫಾನುಗಳೂ ಹೆಚ್ಚಿವೆ.

ನಾವು ಕಂಡದ್ದು 2021ರ ಮೇ ತಿಂಗಳ ತೌಕ್ತೆ. ಹೆಸರು ಇಟ್ಟದ್ದು ಮ್ಯಾನ್ಮಾರ್ ದೇಶ. ಹಾಗಂದರೆ ಒಂದು ಜಾತಿಯ ಹಲ್ಲಿಯಂತೆ. ಹಲ್ಲಿ ಲೊಚಗುಟ್ಟಿದರೆ ನಾವು ಶಕುನ ನೋಡುತ್ತೇವೆ. ಈ ಹಲ್ಲಿಯ ಮಾತನ್ನು ಮಾತ್ರ ಕೇಳಲಿಲ್ಲ. ಆಗ ಕೊರೊನಾ ಲಾಕ್‌ಡೌನ್ ಬೇರೆ. ಕೆಲಸ ಇರಲಿಲ್ಲ. ಮೊಬೈಲಿಗೆ ಎಚ್ಚರಿಕೆ ಬಂದಿತ್ತು. ಓದಲು ಬರುತ್ತಿರಲಿಲ್ಲ. ತೂಫಾನು ಗುಜರಾತಿಗೆ ಹೋಗುತ್ತದಂತೆ, ನಮಗೇನು ಅಂತ ಯಾರೋ ಅಂದರು. ನಾವೂ ಹೌದು ಅಂದೆವು.

ಅದು ಗುಜರಾತಿನ ದಡಕ್ಕೆ ಹೋದದ್ದು ನಿಜ, ಮೇ 17ರ ರಾತ್ರಿ. ಆದರೆ 15, 16ರಂದು ನಮ್ಮ ದಡದ ಪಕ್ಕದಲ್ಲೇ ಹಾದುಹೋಯಿತು. ಮೂರೂ ಕರಾವಳಿ ಜಿಲ್ಲೆಗಳಲ್ಲಿ ಕಡಲು ಉಕ್ಕಿತು. ತೆಂಗಿನ ಮರ ಬಿದ್ದವು. ರಸ್ತೆ, ಮನೆ ಕೊಚ್ಚಿಹೋದವು. ರಾತ್ರಿ ನಮ್ಮ ಬಾಗಿಲಿಗೆ ನೀರು ಬಂತು. ಕರೆಂಟು ಇಲ್ಲ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಎತ್ತರದ ಶಾಲೆಗೆ ಓಡಿದೆವು. ರೇಷನ್ ಕಾರ್ಡು, ಬ್ಯಾಂಕ್ ಪುಸ್ತಕ ಒಳಗೇ ಉಳಿದವು. ಒಬ್ಬಳು ತರುತ್ತೇನೆ ಅಂತ ತಿರುಗಿ ಹೊರಟಳು. ಕೈ ಹಿಡಿದು ಎಳೆದು ತಂದೆವು. ಅವಳು ಬಿಟ್ಟುಬಂದ ಜಾಗದಲ್ಲಿ ಆಮೇಲೆ ಗೋಡೆ ಬಿದ್ದಿತ್ತು.

ಬಾವಿ ನೀರು ಉಪ್ಪಾಯಿತು. ಕುಡಿಯಲು ದೂರದಿಂದ ಹೊತ್ತು ತಂದೆವು.

ಆಮೇಲೆ ನಾವು ಅಕ್ಷರ ಕಲಿಯಲು ಕೂತೆವು. ಮೊದಲು ಓದಿದ್ದು ಬಣ್ಣಗಳ ಹೆಸರು ಅಂದರೆ ನಂಬುತ್ತೀರಾ? ಹಳದಿ ಎಂದರೆ ಗಮನ ಇಡಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಕಾಯಬೇಡಿ, ಕೂಡಲೇ ಕ್ರಮ ಕೈಗೊಳ್ಳಿ. ಈಗ ಕಿತ್ತಳೆ ಬಂದ ಕೂಡಲೇ ಕಾಗದಪತ್ರ ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತೇವೆ. ಕೊಡಗಳಲ್ಲಿ ಸಿಹಿನೀರು ತುಂಬಿಸುತ್ತೇವೆ. ಗೋಡೆಯ ಮೇಲೆ 1077 ಅಂತ ಬರೆದಿದ್ದೇವೆ. ಅದು ಜಿಲ್ಲೆಯ ಸಹಾಯವಾಣಿ. ಇನ್ನೊಂದು ಮಾತು. ತೂಫಾನು ನಡುವೆ ಒಮ್ಮೆಲೇ ನಿಂತರೆ ಹೊರಗೆ ಬರಬೇಡಿ. ಅದು ಅದರ ಕಣ್ಣು. ಕಣ್ಣು ದಾಟಿದ ಮೇಲೆ ಗಾಳಿ ಎದುರು ದಿಕ್ಕಿನಿಂದ ಬಂದು ಹೊಡೆಯುತ್ತದೆ.

ಕೌದಿಗಳ ಕಥೆ ಹೇಳುವುದನ್ನೇ ಮರೆತೆವು. ಟ್ರಂಕಿಗೆ ಉಪ್ಪುನೀರು ಹೊಕ್ಕಿತ್ತು. ಎತ್ತಲು ಒಂದೊಂದಕ್ಕೂ ಇಬ್ಬರು ಬೇಕಾಯಿತು. ಸಿಹಿನೀರು ಸಿಕ್ಕ ಮೇಲೆ ತೊಳೆದೆವು. ಮಳೆ ಬಿಟ್ಟಾಗ ಹೊರಗೆ, ಬಂದಾಗ ಒಳಗೆ. ಒಣಗಲು ವಾರ ಹಿಡಿಯಿತು. ಈಗ ಅವು ಅಟ್ಟದ ಮೇಲಿವೆ. ಈ ಸಲ ಎಳ್ಳಮಾವಾಸ್ಯೆಗೆ ಊರಿಗೆ ಹೋಗುವಾಗ ಹೊತ್ತುಕೊಂಡು ಹೋಗುತ್ತೇವೆ. ನಾಲ್ಕು ರಾತ್ರಿಯಾದರೂ ಹೊದ್ದು ಮಲಗಬೇಕು.