ನೀರು ಕುಡಿಯದೆ ಬೆಟ್ಟ ಹತ್ತಿದ ದಿನ

(ನಮ್ಮ ಸಂಘದ ಮಹಿಳಾ ವಿಭಾಗದ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



"ನೀವು ಗುಡ್ಡ ಹತ್ತುತ್ತೀರಂತೆ, ಅದರ ಬಗ್ಗೆ ಹದಿನೈದು ನಿಮಿಷ ಮಾತಾಡಿ" ಎಂದು ಮಹಿಳಾ ವಿಭಾಗದವರು ಫೋನ್ ಮಾಡಿದಾಗ, ಫೋಟೋಗಳನ್ನು ಹಾಕಿ ಚೆಂದದ ಸ್ಲೈಡ್ ಮಾಡಿಕೊಂಡು ಬರೋಣ ಎಂದುಕೊಂಡಿದ್ದೆ. ಮಾಡಿಯೂ ಆಗಿತ್ತು. ನಿನ್ನೆ ರಾತ್ರಿ ಕುಳಿತು ನೋಡಿದರೆ, ಎಲ್ಲದರಲ್ಲೂ ನಾವು ತುದಿಯಲ್ಲಿ ನಿಂತು ನಗುತ್ತಿದ್ದೇವೆ. ನಾನು ನಿಮಗೆ ಹೇಳಬೇಕಾದ ಸಂಗತಿಗೆ ಒಂದೂ ಫೋಟೋ ಇಲ್ಲ. ಹಾಗಾಗಿ ಬರಿಗೈಯಲ್ಲಿ ಬಂದಿದ್ದೇನೆ. ಇದು ಸ್ವಲ್ಪ ಸಂಕೋಚದ ಮಾತು. ಹಿಂದಿನ ಸಾಲಿನಲ್ಲಿರುವ ಅಣ್ಣಂದಿರೂ ಎದ್ದು ಹೋಗಬೇಡಿ, ನಿಮಗೂ ಬೇಕಾದದ್ದೇ.

ನಾನು ಧಾರವಾಡದ ಕಡೆಯವಳು. ಎಂಟೆಕ್ ಮುಗಿಸಿ ಕೆಲಸಕ್ಕೆಂದು ಪುಣೆಗೆ ಬಂದ ಮೊದಲ ಮಳೆಗಾಲದಲ್ಲೇ ಆಫೀಸಿನವರು ಸಿಂಹಗಡಕ್ಕೆ ಕರೆದುಕೊಂಡು ಹೋದರು. ನಿಮ್ಮಲ್ಲಿ ಬಹಳ ಜನ ಹೋಗಿದ್ದೀರಿ. ಹೆಚ್ಚಿನವರು ಕಾರಿನಲ್ಲಿ ಮೇಲಕ್ಕೆ ಹೋಗಿ, ಪಿಠಲ ಭಾಕರಿ ಉಂಡು, ಮಡಕೆ ಮೊಸರು ತಿಂದು ಬಂದಿರುತ್ತೀರಿ. ಆತಕರವಾಡಿಯಿಂದ ಕಾಲುದಾರಿ ಇದೆ. ಆ ದಿನ ಎರಡು ಗಂಟೆ ಏದುಸಿರು ಬಿಡುತ್ತಾ ಹತ್ತಿದೆ. 1670ರಲ್ಲಿ ತಾನಾಜಿ ಮಾಲುಸರೆ ರಾತ್ರಿ ಹೊತ್ತು ಈ ಕೋಟೆ ಹತ್ತಿದ ಕಥೆಯನ್ನು ಜೊತೆಗಿದ್ದವರು ಹೇಳುತ್ತಿದ್ದರೆ ನನಗೆ ಉತ್ತರ ಕೊಡಲು ಉಸಿರಿರಲಿಲ್ಲ. ಆದರೆ ಮೇಲೆ ಹೋಗಿ ಭಾಕರಿ ಜೊತೆ ಝುಣಕದಂಥದ್ದೇ ಪಿಠಲ ತಿಂದಾಗ, ಊರಿನ ನೆನಪಾಗಿ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಹುಚ್ಚು ಹಿಡಿಯಿತು. ರಾಜಗಡ, ತೋರಣಾ, ಹರಿಶ್ಚಂದ್ರಗಡ, ಒಂದೊಂದಾಗಿ ಆದವು.

ಇದನ್ನು ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಅವಳು ನಕ್ಕಳು. "ನಿಮ್ಮಜ್ಜಿ ಭಾರತ ಹುಣ್ಣಿಮಿಗೆ ಎಲ್ಲಮ್ಮನ ಗುಡ್ಡಕ್ಕ ನಡಕೋತ ಹೋಗತಿದ್ಲು. ಗಂಟಿನ್ಯಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಅದಕ್ಕ ಯಾರೂ ಟ್ರೆಕ್ಕಿಂಗ್ ಅನ್ಲಿಲ್ಲ ನೋಡು." ನಿಜ. ಹೆಂಗಸರು ಗುಡ್ಡ ಹತ್ತುವುದು ಹೊಸದೇನಲ್ಲ. ಹರಕೆ ಇತ್ತು, ಜಾತ್ರೆ ಇತ್ತು. ಜೊತೆಗೆ ಹತ್ತು ಹೆಂಗಸರು ಇರುತ್ತಿದ್ದರು. ಆ ಹತ್ತು ಹೆಂಗಸರು ಯಾಕೆ ಮುಖ್ಯ ಎನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ.

ಎರಡು ವರ್ಷದ ಹಿಂದೆ, ಫೆಬ್ರವರಿ ಕೊನೆಯಲ್ಲಿ, ನಾವು ನಾಲ್ವರು ಕಳಸೂಬಾಯಿಗೆ ಹೊರಟೆವು. 1646 ಮೀಟರ್ ಎತ್ತರ, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, ಆದರೆ ಅಲ್ಲಿ ಹತ್ತಿರದವರೆಗೂ ಗಾಡಿ ಹೋಗುತ್ತದೆ. ಇಲ್ಲಿ ಬಾರಿ ಎಂಬ ಹಳ್ಳಿಯಿಂದ ನಡೆದೇ ಹತ್ತಬೇಕು. ಕಡಿದಾದ ಕಡೆಗಳಲ್ಲಿ ಬಂಡೆಗೆ ಕಬ್ಬಿಣದ ಏಣಿ ಹಾಕಿದ್ದಾರೆ. ಸಂಘದ ಇಬ್ಬರು ಗೆಳತಿಯರು, ನಾನು, ಮತ್ತು ಊರಿನಿಂದ ಬಂದಿದ್ದ ನಮ್ಮ ವೈನಿ. ವೈನಿಗೆ ಆಗ ನಲವತ್ತಾರು. ದಿನಾ ನಸುಕಿನಲ್ಲಿ ಐದು ಕಿಲೋಮೀಟರ್ ನಡೆಯುವವರು. ನನಗಿಂತ ಗಟ್ಟಿ.

ತಯಾರಿಯಲ್ಲಿ ನಾನು ಏನೂ ಕಡಿಮೆ ಮಾಡಿರಲಿಲ್ಲ. ಎಕ್ಸೆಲ್ ಶೀಟ್ ಇತ್ತು. ಯಾರ ಚೀಲದಲ್ಲಿ ಏನು, ಯಾರ ಹತ್ತಿರ ಟಾರ್ಚ್, ತಲಾ ಮೂರು ಲೀಟರ್ ನೀರು, ಎಲ್ಲಾ ಬರೆದಿತ್ತು. ನಡುರಾತ್ರಿ ಪುಣೆ ಬಿಟ್ಟೆವು. ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ ಬಾರಿ ತಲುಪಿದಾಗ ಎಂಟೂವರೆ. ಒಂದು ಮನೆಯಲ್ಲಿ ಪೋಹೆ, ಚಹಾ ಆಯಿತು. ಅಲ್ಲಿದ್ದದ್ದು ಒಂದೇ ಶೌಚಾಲಯ, ಅದರ ಮುಂದೆ ಯಾವುದೋ ದೊಡ್ಡ ಗುಂಪಿನ ಹುಡುಗರ ಸಾಲು. ವೈನಿ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಇಲ್ಲೆ ಬ್ಯಾರೆ ಎಲ್ಲೆರ ಜಾಗಾ ಅದ ಏನು?" ಎಂದರು. ನಾನು ಗಡಿಯಾರ ನೋಡಿ, "ತಡ ಆಗೇದ ವೈನಿ, ಮ್ಯಾಲೆ ಎಲ್ಲೆರ ನೋಡೋಣು" ಎಂದೆ.

ಆ ಒಂದು ಮಾತು ನನ್ನದು. ಅದನ್ನು ಇಲ್ಲಿ ಹೇಳಲೆಂದೇ ಬಂದೆ.

ಹತ್ತುವಾಗ ಎಲ್ಲರೂ ಉತ್ಸಾಹದಲ್ಲಿದ್ದೆವು. ಹತ್ತೂವರೆಗೆ ಬಿಸಿಲು ಬಂಡೆಯ ಮೇಲೆ ಕಾಯತೊಡಗಿತು. ದಾರಿಯುದ್ದಕ್ಕೂ ಜನ, ಬಟಾಬಯಲು, ಒಂದು ಪೊದೆಯ ಮರೆಯೂ ಇಲ್ಲ. ಎರಡನೆಯ ಏಣಿ ಮುಗಿದ ಮೇಲೆ ವೈನಿ ಮಾತು ನಿಲ್ಲಿಸಿದರು. ಮೊದಲು ನನ್ನ ಗಮನಕ್ಕೆ ಬರಲಿಲ್ಲ. ಮಾತಾಡುವವರು ಸುಮ್ಮನಾದರೆ ನೋಡಬೇಕು ಎನ್ನುವುದನ್ನು ಆ ದಿನ ಕಲಿತೆ. ತಿರುಗಿ ನೋಡಿದರೆ ಮುಖ ಬಿಳಿಚಿಕೊಂಡಿದೆ. ತಲೆನೋವು, ವಾಕರಿಕೆ, ಮೀನಖಂಡ ಹಿಡಿದುಕೊಂಡಿದೆ. ಕೂರಿಸಿ ಅವರ ಬಾಟಲಿ ತೆಗೆದರೆ, ಮೂರು ಲೀಟರ್ ನೀರೂ ಹಾಗೇ ಇತ್ತು. ಒಂದು ಗುಟುಕೂ ಕುಡಿದಿರಲಿಲ್ಲ.

"ಕುಡದ್ರ ಎಲ್ಲೆ ಹೋಗ್ಬೇಕು? ಅದಕ್ಕ ರಾತ್ರಿಯಿಂದ ಬಾಯಿ ಕಟ್ಟೀನಿ" ಎಂದರು.

ಉಳಿದಿಬ್ಬರನ್ನು ಕೇಳಿದೆ. ಅವರೂ ಅರ್ಧ ಬಾಟಲಿ ಮುಟ್ಟಿರಲಿಲ್ಲ. ಕಾರಣ ಅದೇ. ನಾನು? ನಾನೂ ಅಷ್ಟೇ. ವರ್ಷಗಟ್ಟಲೆ ಹಾಗೇ ಮಾಡುತ್ತಾ ಬಂದಿದ್ದೆ. ಅದು ಲೆಕ್ಕಕ್ಕೆ ಸೇರುವ ಸಂಗತಿ ಅಂತಲೇ ಅನಿಸಿರಲಿಲ್ಲ. ನನ್ನ ಶೀಟಿನಲ್ಲಿ ನೀರು ಹೊರುವುದಕ್ಕೆ ಒಂದು ಕಾಲಂ ಇತ್ತು. ಕುಡಿದ ನೀರು ಹೋಗುವುದಕ್ಕೆ ಇರಲಿಲ್ಲ.

ಪಕ್ಕದಲ್ಲಿ ಹೋಗುತ್ತಿದ್ದ ಹುಡುಗರು, "ಇನ್ನು ಮುಕ್ಕಾಲು ಗಂಟೆ ಅಷ್ಟೇ, ಬಂದೇಬಿಡ್ತು" ಎಂದರು. ವೈನಿಯೂ, "ನೀವು ಹೋಗಿ ಬರ್ರಿ, ನಾ ಇಲ್ಲೇ ಕೂಡ್ತೀನಿ. ನನ್ನ ಸಲುವಾಗಿ ಬಿಡಬ್ಯಾಡ್ರಿ" ಎಂದರು. ನಿಜ ಹೇಳುತ್ತೇನೆ, ಒಂದು ಕ್ಷಣ ನನಗೆ ಹೋಗಬೇಕು ಅನಿಸಿತು. ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಹಾಕುವ ಮೊದಲು ನಾವು ಕೇಳುವ ಮೊದಲ ಪ್ರಶ್ನೆ, ಕೆಟ್ಟರೆ ಹಿಂದಕ್ಕೆ ಬರುವುದು ಹೇಗೆ, ಅದನ್ನು ನಿರ್ಧರಿಸುವವರು ಯಾರು ಎಂದು. ಇಲ್ಲಿ ನಾನು ಅದನ್ನು ಕೇಳಿಕೊಂಡಿರಲೇ ಇಲ್ಲ. ಆದರೂ, ಆರೋಗ್ಯ ಕೆಟ್ಟವರನ್ನು ಬೆಟ್ಟದ ಮೇಲೆ ಒಂಟಿಯಾಗಿ ಬಿಟ್ಟು ಹೋಗಬಾರದು ಎನ್ನುವಷ್ಟು ಬುದ್ಧಿ ಉಳಿದಿತ್ತು. ಇಳಿದೆವು.

ಸ್ವಲ್ಪ ಕೆಳಗೆ, ಒಬ್ಬ ಹೆಂಗಸು ಬಿದಿರು ಮತ್ತು ಪ್ಲಾಸ್ಟಿಕ್ ಹಾಳೆಯ ಚಪ್ಪರ ಹಾಕಿ ಲಿಂಬು ಪಾನಕ, ಸೌತೆಕಾಯಿ ಮಾರುತ್ತಿದ್ದರು. ವೈನಿಯ ಮುಖ ನೋಡಿದವರೇ "ಪಾಣೀ ಪ್ಯಾಯಲಾತ ಕಾ?" ಎಂದು ಕೇಳಿದರು. ನಾವು ಉತ್ತರಿಸುವ ಮೊದಲೇ ಅವರಿಗೆ ಎಲ್ಲಾ ಗೊತ್ತಾಗಿತ್ತು. ಕೈ ಹಿಡಿದು ಚಪ್ಪರದ ಹಿಂದಕ್ಕೆ ಕರೆದುಕೊಂಡು ಹೋಗಿ, ಒಂದು ಹಳೆಯ ಸೀರೆ ಬಿಚ್ಚಿ ಮರೆಮಾಡಿ ನಿಂತರು. ಆಮೇಲೆ ವೈನಿಯನ್ನು ನೆರಳಲ್ಲಿ ಮಲಗಿಸಿ, ಕಾಲು ಎತ್ತರಕ್ಕಿಟ್ಟು, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ, ಉಪ್ಪು ಸಕ್ಕರೆ ಹಾಕಿದ ಪಾನಕವನ್ನು ಗುಟುಕು ಗುಟುಕಾಗಿ ಕುಡಿಸಿದರು. ಮುಕ್ಕಾಲು ಗಂಟೆಯಲ್ಲಿ ವೈನಿಗೆ ಬಣ್ಣ ಬಂತು. ಮಾತೂ ಬಂತು.

ಅಲ್ಲಿ ಕುಳಿತಿದ್ದಾಗ ಆ ಬಾಯಿಯವರು ಕಳಸೂವಿನ ಕಥೆ ಹೇಳಿದರು. ಕಳಸೂ ಕೋಳಿ ಜನಾಂಗದ ಹುಡುಗಿ. ಕಾಡು ಸುತ್ತುವುದೆಂದರೆ ಅವಳಿಗೆ ಪ್ರೀತಿ. ಬೆಟ್ಟದ ಬುಡದ ಊರಿನ ಒಂದು ಮನೆಯಲ್ಲಿ ಕೆಲಸಕ್ಕೆ ಸೇರುವಾಗ ಒಂದು ಷರತ್ತು ಹಾಕಿದಳು: ಪಾತ್ರೆ ತೊಳೆಯುವುದಿಲ್ಲ, ಕಸ ಗುಡಿಸುವುದಿಲ್ಲ. ಒಂದು ದಿನ ಮನೆಯವರು ಆ ಎರಡನ್ನೂ ಮಾಡು ಎಂದರು. ಮಾಡಿದಳು. ಮಾಡಿ ಮುಗಿಸಿ, ಬೆಟ್ಟ ಹತ್ತಿ ಹೋದವಳು ಮತ್ತೆ ಕೆಳಗೆ ಬರಲಿಲ್ಲ. ತುದಿಯಲ್ಲಿರುವ ಸಣ್ಣ ಗುಡಿ ಅವಳದೇ.

ರಾಯಗಡದ ಹಿರಕಣಿಯ ಕಥೆ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಕೋಟೆ ಬಾಗಿಲು ಮುಚ್ಚಿದಾಗ, ಮನೆಯಲ್ಲಿರುವ ಕೂಸಿಗಾಗಿ ಕತ್ತಲಲ್ಲಿ ಕಡಿದಾದ ಬಂಡೆ ಇಳಿದ ಹಾಲಿನವಳು. ನಮ್ಮ ಮಕ್ಕಳು ಶಾಲೆಯಿಂದ ಆ ಕಥೆ ತಂದು ನಮಗೆ ಹೇಳುತ್ತಾರೆ. ಮಗುವಿಗಾಗಿ ಇಳಿದವಳ ಕಥೆ ಮನೆಮನೆಗೂ ಬಂತು. ತನಗಾಗಿ ಹತ್ತಿದವಳ ಕಥೆ ಕೇಳಲು ನನಗೆ ಬೆಟ್ಟದ ಅರ್ಧದಲ್ಲಿ ಕೂರಬೇಕಾಯಿತು. ನನಗೆ ಇಬ್ಬರೂ ಬೇಕು.

ಈಗ ಕೆಲಸಕ್ಕೆ ಬರುವ ಮಾತು. ಪೆನ್ನಿದ್ದವರು ಬರೆದುಕೊಳ್ಳಿ.

ಬಿಸಿಲಲ್ಲಿ ಹತ್ತುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರಿನವರೆಗೆ ಬೆವರು ಹೋಗಬಹುದು. ಅದನ್ನು ಆಗಾಗ ಗುಟುಕು ಗುಟುಕಾಗಿ ತುಂಬಿಕೊಳ್ಳಬೇಕು. ಮೂತ್ರದ ಬಣ್ಣ ತಿಳಿಹಳದಿ ಇದ್ದರೆ ಸರಿ, ಗಾಢವಾದರೆ ನೀರು ಸಾಲುತ್ತಿಲ್ಲ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಜ್ಜಿಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇವತ್ತಿಗೂ ಒಳ್ಳೆಯ ಬುತ್ತಿ. ಕೆಡುವುದಿಲ್ಲ, ಉಪ್ಪೂ ಇದೆ.

ತಲೆನೋವು, ವಾಕರಿಕೆ, ತಲೆಸುತ್ತು, ಸ್ನಾಯು ಹಿಡಿತ ಬಂದರೆ ನಿಲ್ಲಿ, ನೆರಳಿಗೆ ಹೋಗಿ, ಇಳಿಯಿರಿ. ಮಾತು ತೊದಲಿದರೆ, ಗೊಂದಲವಾದರೆ, ಮೈ ಸುಡುತ್ತಿದ್ದರೆ ಅದು ಪ್ರಾಣಕ್ಕೇ ಅಪಾಯ. ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಬಿಪಿ, ಕಿಡ್ನಿ ತೊಂದರೆ ಇರುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.

ಇನ್ನು ಯಾರೂ ಹೇಳದ ಭಾಗ. ಮೊದಲ ಬಾಟಲಿ ತೆರೆಯುವ ಮೊದಲೇ, ಎಲ್ಲಿ ಹೋಗುವುದು ಎಂದು ಗುಂಪಿನ ಮುಂದಾಳು ತಾನೇ ಬಾಯಿಬಿಟ್ಟು ಹೇಳಬೇಕು. ಯಾರೂ ಕೇಳಲಿ ಎಂದು ಕಾಯಬಾರದು, ನಾವು ಕೇಳುವುದಿಲ್ಲ. ಬುಡದ ಹಳ್ಳಿಯಲ್ಲಿ ಅರ್ಧ ಗಂಟೆ ಇದಕ್ಕೇ ಇಡಿ. ಚೀಲದಲ್ಲಿ ಒಂದು ಹಳೆಯ ಸೀರೆ ಅಥವಾ ದೊಡ್ಡ ಓಢಣಿ ಇರಲಿ, ಇಬ್ಬರು ಹಿಡಿದರೆ ಗೋಡೆಯಾಯಿತು. ಕೆರೆ, ಝರಿಯಿಂದ ಇನ್ನೂರು ಅಡಿ ದೂರ ಹೋಗಿ. ಸಣ್ಣ ಸಲಿಕೆ ಇರಲಿ, ಗೇಣುದ್ದ ಗುಂಡಿ ತೋಡಿ ಮುಚ್ಚಿ. ಮುಟ್ಟಿನ ದಿನವಾದರೆ ಪ್ಯಾಡ್‌ಗಳನ್ನು ಹೂಳಬೇಡಿ, ಸುಡಬೇಡಿ, ಜಿಪ್ ಚೀಲದಲ್ಲಿ ಕಾಗದ ಸುತ್ತಿ ವಾಪಸ್ ತನ್ನಿ. ತಡೆದು ಹಿಡಿದುಕೊಂಡರೆ ಬೆಟ್ಟ ಇಳಿದ ಮೇಲೂ ಮೂತ್ರದ ಸೋಂಕಿನ ಕಾಟ ಬರಬಹುದು.

1975ರಲ್ಲಿ ಎವರೆಸ್ಟ್ ಹತ್ತಿದ ಮೊದಲ ಮಹಿಳೆ ಜಪಾನಿನ ಜುಂಕೊ ತಾಬೇಯಿ. ಅದಕ್ಕೆ ಆರು ವರ್ಷ ಮೊದಲು, 1969ರಲ್ಲಿ, ಅವರು ಮಾಡಿದ ಕೆಲಸ ಹೆಂಗಸರದೇ ಒಂದು ಪರ್ವತಾರೋಹಣ ಸಂಘ ಕಟ್ಟಿದ್ದು. ನಮ್ಮ ಬಚೇಂದ್ರಿ ಪಾಲ್ ಹತ್ತಿದ್ದು 1984ರಲ್ಲಿ. ನಾವು ಎವರೆಸ್ಟ್ ಹತ್ತಬೇಕಿಲ್ಲ. ಆದರೆ ಸಂಘ ಕಟ್ಟುವ ವಿಷಯದಲ್ಲಿ ಪುಣೆಯ ಕನ್ನಡದ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಅಜ್ಜಿಯ ಆ ಹತ್ತು ಹೆಂಗಸರು ಇಲ್ಲೇ ಕುಳಿತಿದ್ದಾರೆ.

ಕಳೆದ ನವೆಂಬರಿನಲ್ಲಿ ವೈನಿ ಮತ್ತೆ ಬಂದರು. ಈ ಸಲ ಏಳು ಜನ ಹೋದೆವು. ಬಾರಿಯಲ್ಲಿ ನಾನು ಬಾಯಿ ತೆಗೆಯುವ ಮೊದಲೇ ವೈನಿ ಎಲ್ಲರ ಮುಂದೆ ನಿಂತು, "ಮೊದಲ ಎಲ್ಲಾರೂ ಹೋಗಿ ಬರ್ರಿ, ಆಮ್ಯಾಲೆ ಗುಡ್ಡ" ಎಂದು ಆಜ್ಞೆ ಮಾಡಿದರು. ತುದಿಯ ಗುಡಿಯ ಮುಂದೆ ನಿಂತಾಗ ಕೆಳಗೆ ಭಂಡಾರದರಾದ ನೀರು ಹೊಳೆಯುತ್ತಿತ್ತು. ವೈನಿ ಕಳಸೂಬಾಯಿಗೆ ಕೈ ಮುಗಿದು, ಚೀಲದಿಂದ ಬಾಟಲಿ ತೆಗೆದು ಗಟಗಟನೆ ಕುಡಿದರು. ಇಳಿಯುವಾಗ ಆ ಚಪ್ಪರದ ಬಾಯಿಯವರಿಗೆ ಧಾರವಾಡ ಫೇಡೆ ಕೊಟ್ಟರು. ಅವರಿಗೆ ನಮ್ಮ ನೆನಪಿರಲಿಲ್ಲ. ನಮ್ಮಂಥ ಎಷ್ಟು ಜನರಿಗೆ ಸೀರೆ ಹಿಡಿದು ನಿಂತಿದ್ದಾರೋ.

ಮುಂದಿನ ತಿಂಗಳ ಎರಡನೆಯ ಭಾನುವಾರ ಸಿಂಹಗಡ, ಕಾಲುದಾರಿಯಲ್ಲಿ. ಬೆಳಿಗ್ಗೆ ಆರಕ್ಕೆ ಆತಕರವಾಡಿಯಲ್ಲಿ ಸೇರೋಣ. ಅರ್ಧಕ್ಕೇ ವಾಪಸ್ ಬಂದರೂ ಯಾರೂ ಯಾಕೆ ಅಂತ ಕೇಳುವುದಿಲ್ಲ. ಬರುವವರು ಒಂದೊಂದು ತುಂಬಿದ ಬಾಟಲಿ ತನ್ನಿ. ಇಳಿದ ಮೇಲೆ ನಾನು ಬಾಟಲಿ ಪರೀಕ್ಷೆ ಮಾಡುತ್ತೇನೆ, ಖಾಲಿ ಇರಬೇಕು. ಸೀರೆ ನಾನು ತರುತ್ತೇನೆ.